ಹಳೇ ಬಲೆನೋ ಆಲ್ಟುರಾ: ಎಂಜಿನ್ ಇರಲಿ, ಡಿಕ್ಕಿ ತೋರಿಸಿ

ಹಳೇ ಮಾರುತಿ ಬಲೆನೋ ಆಲ್ಟುರಾ ಕೊಂಡು ಮನೆಯಂಗಳದಲ್ಲೇ ಸರಿಮಾಡಿಕೊಳ್ಳಬೇಕೆನ್ನುವವರು ಗಾಡಿ ನೋಡಲು ಹೋದಾಗ ಮೊದಲು ಬಾನೆಟ್ ಎತ್ತಿಸುತ್ತಾರೆ. ದಂಡದ ಕೆಲಸ. ಎಣ್ಣೆ, ಕೂಲೆಂಟ್ ಹೊತ್ತಿಗೆ ಸರಿಯಾಗಿ ಕಂಡಿದ್ದರೆ ಆ 1.6 ಲೀಟರಿನ ಜಿ16ಬಿ ಎಂಜಿನ್ ಸುಲಭಕ್ಕೆ ಸಾಯುವ ಜಾತಿಯದಲ್ಲ. ಕೆಟ್ಟಿದ್ದರೂ ದಾರಿಯಿದೆ, ಅದು ಸೆಡಾನ್ ಬಲೆನೋದ್ದೇ ಎಂಜಿನ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದರೆ ಗ್ಯಾಸ್ಕೆಟ್ಟು, ಬೆಲ್ಟು, ಬೇರಿಂಗು ಹುಟ್ಟುತ್ತವೆ. ಈ ಗಾಡಿಯ ಹಣೆಬರಹ ಬರೆದಿರುವುದು ಹಿಂದಿನ ಸೀಟಿನ ಆಚೆಗೆ.

ಬಲೆನೋ ಬಂದದ್ದು 1999ರಲ್ಲಿ, ಮಾರುತಿಯದೇ ಎಸ್‌ಎಕ್ಸ್4 ಬಂದ 2007ರಲ್ಲಿ ಹೋಯಿತು. ಅದರಲ್ಲಿ ವ್ಯಾಗನ್ ರೂಪದ, ಅಂದರೆ ಟಾಪು ಡಿಕ್ಕಿಯವರೆಗೂ ಚಾಚಿದ ಆಲ್ಟುರಾ ಮಾರಾಟವಾದದ್ದೇ ಕಡಿಮೆ. ಹಿಂದಿನ ದೀಪ, ಹಿಂದಿನ ಗಾಜು, ಡಿಕ್ಕಿ ಡೋರು, ಅದರ ಅಂಚಿಗೆ ಕೂರುವ ರಬ್ಬರ್ ಬೀಡಿಂಗು ಇವು ಇಲ್ಲಿಯ ಬೇರೆ ಯಾವ ಗಾಡಿಯಿಂದಲೂ ಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ 2015ರ ಹ್ಯಾಚ್‌ಬ್ಯಾಕ್ ಬಲೆನೋದ ಸಾಮಾನುಗಳೇ ಸಾಲುಗಟ್ಟಿ ನಿಲ್ಲುತ್ತವೆ. ಹೊರದೇಶದಲ್ಲಿ ಹುಡುಕುವವರು ಜಪಾನಿಗೆ ಕಲ್ಟಸ್ ಕ್ರೆಸೆಂಟ್ ವ್ಯಾಗನ್ ಎಂದೂ ಅಮೆರಿಕಕ್ಕೆ ಎಸ್ಟೀಮ್ ವ್ಯಾಗನ್ ಎಂದೂ ಹುಡುಕಬೇಕು. ನಮ್ಮ ಮಾರುತಿ ಎಸ್ಟೀಮ್ ಬೇರೆಯದೇ ಗಾಡಿ, ಅಂಗಡಿಯಲ್ಲಿ ಆ ಹೆಸರು ಎತ್ತಿದರೆ ತಪ್ಪು ಸಾಮಾನು ಕೈಗೆ ಬರುತ್ತದೆ. ಶಿವಾಜಿನಗರದ ಗುಜರಿಗಳಲ್ಲೂ ಸೆಡಾನ್ ಸಿಕ್ಕಷ್ಟು ಸುಲಭವಾಗಿ ಇದು ಸಿಗದು. ಹಾಗಾಗಿ ದೀಪದ ಮೂಲೆ ಒಡೆದ ಗಾಡಿಗೆ ಬೆಲೆ ಎಷ್ಟೇ ಇಳಿಸಿದರೂ ಕೈಹಾಕಬೇಡಿ.

ಹೊಳೆಯುವ ಬಣ್ಣಕ್ಕಂತೂ ಮರುಳಾಗಲೇಬೇಡಿ. ಮೇಲೆ ಬಸಪ್ಪ ಒಳಗೆ ವಿಷಪ್ಪ ಎನ್ನುವ ಮಾತು ವ್ಯಾಗನ್ ಗಾಡಿಯ ಡಿಕ್ಕಿಗೆ ಅಕ್ಷರಶಃ ಸಲ್ಲುತ್ತದೆ. ಚೌಕಾಕಾರದ ಹಿಂಬದಿಯ ಗಾಡಿ ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತದೆ. ಬೀಡಿಂಗ್ ಸೋತಿದ್ದು ಕಿಟಕಿಯೊಂದು ತೆರೆದಿದ್ದರೆ ಆ ಹೊಗೆ ನೇರ ಒಳಕ್ಕೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ತಲೆನೋವು, ಓಕರಿಕೆ ಬಂದರೆ ಪ್ರಯಾಣದ ಸುಸ್ತೆಂದು ಬಿಡಬೇಡಿ. ನೀರು ಸೋರಿದರೆ ಕಾರ್ಪೆಟ್ಟು ಹಾಳು, ಹೊಗೆ ಸೋರಿದರೆ ಮನುಷ್ಯರಿಗೇ ಅಪಾಯ. ಆದ್ದರಿಂದ ಬಣ್ಣ, ಮ್ಯೂಸಿಕ್ ಸಿಸ್ಟಂ, ಅಲಾಯ್ ವೀಲು ಎಲ್ಲಕ್ಕೂ ಮೊದಲು ಡಿಕ್ಕಿಯ ಕೆಲಸ.

ಸೋರುವ ಜಾಗ ಹುಡುಕಲು ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಡಿಕ್ಕಿಯೊಳಗೆ, ಇನ್ನೊಬ್ಬರು ಹೊರಗೆ ಪೈಪು ಹಿಡಿದು. ಒಳಗಿನ ಪ್ಲಾಸ್ಟಿಕ್ ಹೊದಿಕೆ, ಕಾರ್ಪೆಟ್ಟು ಮೊದಲೇ ಬಿಚ್ಚಿಟ್ಟಿರಬೇಕು. ನೀರನ್ನು ಬಂಪರಿನ ಮಟ್ಟದಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ ತನ್ನಿ, ಪ್ರತಿ ಹಂತದಲ್ಲೂ ಎರಡು ಮೂರು ನಿಮಿಷ ನಿಲ್ಲಿ. ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒಟ್ಟಿಗೆ ಒದ್ದೆಯಾಗಿ ಮೂಲವೇ ತಿಳಿಯುವುದಿಲ್ಲ. ಹೊಳೆಯುವ ತೆಳು ಗೆರೆ ಹೆಚ್ಚಾಗಿ ಕಾಣುವುದು ದೀಪದ ಹಿಂದಿನ ಗ್ಯಾಸ್ಕೆಟ್ಟು, ಟಾಪಿನ ಮೇಲಿನ ರೇಲಿಂಗಿನ ಬೋಲ್ಟು, ಹಿಂಜಿನ ಪಕ್ಕ ವೈರು ದಾಟುವ ರಬ್ಬರು, ಗಾಜಿನ ಅಂಚು ಈ ನಾಲ್ಕು ಕಡೆ. ರೇಲಿಂಗಿನಿಂದ ಬಂದ ನೀರು ಕಂಬದೊಳಗೆ ಇಳಿದು ಸ್ಟೆಪ್ನಿ ಗುಂಡಿಯಲ್ಲಿ ನಿಲ್ಲುತ್ತದೆ, ಜನ ಗುಂಡಿಯ ತಳಕ್ಕೆ ಸೀಲೆಂಟ್ ಬಳಿದು ಕೂರುತ್ತಾರೆ. ಸೋರಿಕೆ ನಿಲ್ಲುವವರೆಗೂ ಗುಂಡಿಯ ತಳದ ರಬ್ಬರ್ ಬಿರಡೆ ತೆಗೆದೇ ಇಟ್ಟಿರಿ.

ಬೀಡಿಂಗ್ ಕೂರುತ್ತಿದೆಯೇ ಎಂದು ನೋಡಲು ಅದಕ್ಕೆ ಸೀಮೆಸುಣ್ಣ ಉಜ್ಜಿ ಡೋರು ಮುಚ್ಚಿ ತೆರೆಯಿರಿ. ಎದುರಿನ ತಗಡಿನ ಮೇಲೆ ಬಿಳಿ ಗೆರೆ ತುಂಡಾದಲ್ಲೆಲ್ಲ ಸಂದು. ಅಸಲಿ ಬೀಡಿಂಗ್ ಸಿಗದಿದ್ದರೆ ಒಳಗೆ ಉಕ್ಕಿನ ಪಟ್ಟಿಯಿರುವ, ಪಕ್ಕಕ್ಕೆ ಟೊಳ್ಳು ಗುಬುಟಿರುವ ಮೀಟರ್ ಲೆಕ್ಕದ ಬೀಡಿಂಗ್ ತರಬೇಕು. ಅದು ಕಚ್ಚುವ ತಗಡಿನ ದಪ್ಪವನ್ನೂ ಗುಬುಟಿನ ಎತ್ತರವನ್ನೂ ಕ್ಯಾಲಿಪರಿನಲ್ಲಿ ಅಳೆದು, 10 ಸೆಂ.ಮೀ. ತುಂಡು ತಂದು ಕೂರಿಸಿ ನೋಡಿದ ಮೇಲೆ ಪೂರ್ತಿ ಕೊಳ್ಳಿ. ಗುಬುಟು ಅಗತ್ಯಕ್ಕಿಂತ ದಪ್ಪವಾದರೆ ಡೋರು ಲಾಕಾಗುವುದಿಲ್ಲ, ಲಾಕಾಗಲೆಂದು ಕೊಂಡಿಯನ್ನು ಹಿಂದಕ್ಕೆ ಸರಿಸಿದರೆ ಡೋರು ಬಡಿಯತೊಡಗುತ್ತದೆ. ಮೂಲೆಗಳಲ್ಲಿ ಬೀಡಿಂಗನ್ನು ಎಳೆದು ಕೂರಿಸಬಾರದು. ಎಳೆದ ರಬ್ಬರು ಕೆಲವೇ ವಾರಗಳಲ್ಲಿ ಕುಗ್ಗಿ ಜೋಡಣೆಯಲ್ಲಿ ಬಾಯಿಬಿಡುತ್ತದೆ. ತುಸು ಒತ್ತಿ ಸೇರಿಸಿ, ಜೋಡಣೆ ಕೆಳಗಡೆ ನಡುವಿಗೆ ಬರುವಂತೆ ನೋಡಿಕೊಳ್ಳಿ.

ಇನ್ನು ತುಕ್ಕು. ಡಿಕ್ಕಿ ಡೋರಿನ ಕೆಳಅಂಚಿನಲ್ಲಿ ಹೊರತಗಡನ್ನು ಒಳಚೌಕಟ್ಟಿನ ಮೇಲೆ ಮಡಚಿರುತ್ತಾರೆ. ಅಲ್ಲಿನ ನೀರು ಹೋಗುವ ತೂತುಗಳು ಧೂಳು ತುಂಬಿ ಮುಚ್ಚಿಕೊಂಡರೆ ತಗಡು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಿತೆಂದರೆ ಒಳಗೆ ಆಗಲೇ ಜರಡಿ. ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಒಳಕ್ಕೆ ಹೋದರೆ ಪುಟ್ಟಿ ಮೆತ್ತಿ ಮುಗಿಸುವ ಕೆಲಸ ಅಲ್ಲ. ಟಿಂಕರಿಂಗ್‌ನವರು ಬೇಗ ಮುಗಿಸಲು ಹೇಳುವುದು ಅದನ್ನೇ: ತುಕ್ಕು ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆಯೋಣ ಎಂದು. ಪುಟ್ಟಿ ತೇವ ಹೀರುತ್ತದೆ. ಮುಂದಿನ ಮಳೆಗಾಲಕ್ಕೆ ಗುಳ್ಳೆ ಇನ್ನಷ್ಟು ಅಗಲವಾಗಿ ಏಳುತ್ತದೆ.

ಸರಿಯಾದ ಕ್ರಮ ಬೇಸರ ಹಿಡಿಸುವಷ್ಟು ನಿಧಾನ. ಕೊಳೆತದ್ದನ್ನು ಗಟ್ಟಿ ತಗಡು ಸಿಕ್ಕ ಮೇಲೂ 2 ಸೆಂ.ಮೀ. ದಾಟಿಸಿ ಕತ್ತರಿಸಿ. ತೇಪೆಗೆ 22 ಗೇಜಿನ, ಲೇಪವಿಲ್ಲದ ಸಿಆರ್ ಶೀಟು ಬಳಸಿ. ಸತು ಲೇಪಿಸಿದ ಜಿಐ ಶೀಟಾದರೆ ವೆಲ್ಡಿಂಗಿನಲ್ಲಿ ಸತುವಿನ ಹೊಗೆ ಬರುತ್ತದೆ, ಬೆಸುಗೆಯಲ್ಲೂ ಗುಳ್ಳೆ ಉಳಿಯುತ್ತದೆ. ಗ್ಯಾಸ್ ವೆಲ್ಡಿಂಗ್ ಬೇಡವೇ ಬೇಡ, ಅಷ್ಟು ಕಾವಿಗೆ ಡೋರಿನ ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ತಂತಿ ತಾನಾಗಿ ಬರುವ ಎಂಐಜಿ ವೆಲ್ಡಿಂಗ್ ಯಂತ್ರದಲ್ಲಿ 0.8 ಮಿ.ಮೀ. ಇಲ್ಲವೇ 0.6 ಮಿ.ಮೀ. ತಂತಿ ಹಾಕಿ 2–3 ಸೆಂ.ಮೀ.ಗೊಂದು ಚುಕ್ಕೆ, ಒಂದು ಎಡಕ್ಕೆ ಒಂದು ಬಲಕ್ಕೆ, ಕೈಯಿಟ್ಟು ನೋಡುವಷ್ಟು ಆರಿದ ಮೇಲೆ ನಡುವಿನವು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಗಾಜು ತೆಗೆಯದೆ ಗ್ರೈಂಡರ್ ಹಿಡಿದರೆ ಕಿಡಿಗಳು ಗಾಜಿಗೆ ಕಚ್ಚಿ ಎಂದೂ ಹೋಗದ ಚುಕ್ಕೆ ಮೂಡುತ್ತವೆ, ಕನಿಷ್ಠ ಒದ್ದೆ ಗೋಣಿಚೀಲವನ್ನಾದರೂ ಹೊದಿಸಿ. ತುಕ್ಕು ಕಳೆಯುವ ಆಸಿಡ್ ಬಳಸಿದ್ದರೆ ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಒಣಗಿಸದೆ ಎಪಾಕ್ಸಿ ಪ್ರೈಮರ್ ಹೊಡೆಯಬೇಡಿ, ಹಿಡಿಯುವುದಿಲ್ಲ. ಪ್ರೈಮರ್ ಎರಡು ಕೋಟು, ಅದರ ಮೇಲೆ ಪುಟ್ಟಿ 2–3 ಮಿ.ಮೀ. ಮೀರದಂತೆ, ಮಡಿಕೆಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್. ಬಣ್ಣ ಪೂರ್ತಿ ಒಣಗಿದ ಮೇಲೆ ಡೋರಿನ ಟೊಳ್ಳಿಗೆ ಉದ್ದ ನಳಿಗೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ವ್ಯಾಕ್ಸ್ ಹೊಡೆದ ಮೇಲೆ ನೀರಿನ ತೂತುಗಳಿಗೆ ಕೇಬಲ್ ಟೈ ತೂರಿಸಿ ಬಿಡಿಸಲು ಮರೆತರೆ ಇಷ್ಟೂ ಕೆಲಸ ನೀರಿನಲ್ಲಿ ಹೋಮ.

ಡಿಕ್ಕಿ ಡೋರನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕರ್ ಸೋತಾಗ ಕೋಲು ಆನಿಸಿ ಸಾಮಾನು ತುಂಬುವವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಅಂಗಡಿಯವರು ಕೊಡುವ "ಹತ್ತಿರದ್ದು" ತರುವ ಮುನ್ನ ಪೂರ್ತಿ ಚಾಚಿದಾಗಿನ ಉದ್ದ, ಒಳಸೇರುವ ಉದ್ದ, ತುದಿಯ ಗುಂಡಿನ ವ್ಯಾಸ ಅಳೆಯಿರಿ. ಬಲ ಎಷ್ಟೆಂದು ನ್ಯೂಟನ್‌ನಲ್ಲಿ ಅದರ ಮೇಲೇ ಅಚ್ಚಾಗಿರುತ್ತದೆ. ಅಳಿಸಿದ್ದರೆ ಲೆಕ್ಕ ಹಾಕಬಹುದು. ಉದಾಹರಣೆಗೆ ಡೋರು 20 ಕೆ.ಜಿ., ತೆರೆದಾಗ ಅದರ ಭಾರದ ನಡು ಹಿಂಜಿನಿಂದ 45 ಸೆಂ.ಮೀ. ದೂರ ಎಂದಿಟ್ಟುಕೊಳ್ಳಿ. 20 × 9.8 × 0.45, ಅಂದರೆ 88 ನ್ಯೂಟನ್ ಮೀಟರ್. ಶಾಕರಿನ ಗೆರೆಗೂ ಹಿಂಜಿಗೂ ಲಂಬ ಅಂತರ 12 ಸೆಂ.ಮೀ. ಇದ್ದರೆ ಎರಡು ಶಾಕರಿಗೆ ತಲಾ 367 ನ್ಯೂಟನ್. ಮೇಲೆ ಹತ್ತು ಹದಿನೈದು ಶೇಕಡ ಸೇರಿಸಿ 400–420ರದ್ದು ತಂದರೆ ಸಾಕು. ಗಟ್ಟಿಯಿರಲಿ ಎಂದು 600ರದ್ದು ಹಾಕಿದರೆ ಅದು ಡೋರಿನ ಮೂಲೆಯನ್ನೇ ತಿರುಚುತ್ತದೆ, ಕಷ್ಟಪಟ್ಟು ಕೂರಿಸಿದ ಬೀಡಿಂಗು ಮತ್ತೆ ಬಾಯಿಬಿಡುತ್ತದೆ. ಡೋರು ಮುಚ್ಚಿದಾಗ ತೆಳು ಸಲಾಕೆ ಕೆಳಮುಖವಾಗಿರಬೇಕು, ಆಗ ಒಳಗಿನ ಎಣ್ಣೆ ಸೀಲನ್ನು ಒಣಗಗೊಡುವುದಿಲ್ಲ.

ವೈರಿಂಗ್ ತರಲೆ ಬೇರೆ. ರಿವರ್ಸ್ ಹಾಕಿದರೆ ನಂಬರ್ ಪ್ಲೇಟಿನ ದೀಪ ಮಿಣುಕುವುದು, ಡೋರು ಅರ್ಧ ಎತ್ತಿದಾಗ ಮಾತ್ರ ವೈಪರ್ ಆಡುವುದು ಇವೆಲ್ಲ ಒಂದೇ ರೋಗದ ಲಕ್ಷಣ. ಹಿಂಜಿನ ಬಳಿಯ ರಬ್ಬರ್ ಕೊಳವೆಯೊಳಗೆ ವೈರುಗಳು ಮಡಚಿ ಮಡಚಿ ತಾಮ್ರ ತುಂಡಾಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಕಾಣುತ್ತದೆ. ಅರ್ತ್ ವೈರು ತುಂಡಾದರೆ ಕರೆಂಟು ಇನ್ನೊಂದು ದೀಪದ ಮೂಲಕ ದಾರಿ ಹುಡುಕುತ್ತದೆ, ಆ ವಿಚಿತ್ರಗಳೆಲ್ಲ ಅದರಿಂದ. ತುಂಡಾದಲ್ಲೇ ಜೋಡಿಸಿ ಟೇಪು ಸುತ್ತಿದರೆ ಮಡಿಕೆಯಲ್ಲಿ ಮತ್ತೆ ಮುರಿಯುತ್ತದೆ. 30–40 ಸೆಂ.ಮೀ. ಉದ್ದಕ್ಕೆ ಹೊಸ ಸಿಲಿಕೋನ್ ಹೊದಿಕೆಯ ಮೃದು ವೈರು ಎಳೆದು, ಜೋಡಣೆಗಳನ್ನು ಮಡಿಕೆಯಿಂದ ಆಚೆಗೆ, ಒಂದರ ಪಕ್ಕ ಒಂದು ಬರದಂತೆ ಹಿಂದೆಮುಂದೆ ಮಾಡಿ. ಗಾಜಿನ ಮಂಜು ಕಳೆಯುವ ಡಿಫಾಗರಿಗೆ 2.5 ಚದರ ಮಿ.ಮೀ. ವೈರು, ದೀಪಗಳಿಗೆ 0.75 ಸಾಕು. ಡಿಫಾಗರಿನ ಗೆರೆ ತುಂಡಾಗಿದೆಯೇ ನೋಡಲು ಅದನ್ನು ಆನ್ ಮಾಡಿ ಮಲ್ಟಿಮೀಟರಿನ ಮೊನೆಯನ್ನು ಗೆರೆಯುದ್ದಕ್ಕೂ ಸರಿಸಿ. ವೋಲ್ಟೇಜು ಮೆಲ್ಲಗೆ ಇಳಿಯುತ್ತಾ ನಡುವಿನಲ್ಲಿ ಸುಮಾರು 6 ತೋರಬೇಕು, ಹಠಾತ್ತನೆ 12ರಿಂದ ಸೊನ್ನೆಗೆ ಬಿದ್ದಲ್ಲಿ ಬಿರುಕು. ಕರೆಂಟು ಹರಿಯುವ ಬೆಳ್ಳಿಯ ಪೇಂಟಿನ ಒಂದು ಹನಿ ಅಲ್ಲಿಗೆ.

ಇಷ್ಟೆಲ್ಲ ಬೈದ ಮೇಲೂ ಒಂದು ಮಾತು ಒಪ್ಪಬೇಕು. ಸರಿಹೋದ ಡಿಕ್ಕಿಯ ಸುಖ ಈಗಿನ ಎತ್ತರದ ಎಸ್‌ಯುವಿಗಳಲ್ಲಿ ಇಲ್ಲ. ಅಂಚು ಮೊಣಕಾಲಿನ ಹತ್ತಿರ. ಗೊಬ್ಬರದ ಮೂಟೆಯನ್ನು ಸೊಂಟಕ್ಕಿಂತ ಮೇಲೆ ಎತ್ತದೆ ಹಾಗೇ ಒರಗಿಸಿ ಜಾರಿಸಬಹುದು. ಹಿಂದಿನ ಸೀಟು ಮಡಚಿದರೆ ಏಣಿ, ಸೈಕಲ್, ಅಕ್ಕಿಮೂಟೆ ಒಟ್ಟಿಗೆ. ಮುಚ್ಚುವಾಗ ಮೂಲೆ ಹಿಡಿದು ಎಳೆಯದೆ ಎರಡೂ ಅಂಗೈ ನಡುವಿಗಿಟ್ಟು ಒತ್ತಿದರೆ "ಟಪ್" ಎಂದು ಒಂದೇ ಸದ್ದು. "ಟಪ್ ಚಣ್" ಎಂದರೆ ಲಾಕಿನ ಕೊಂಡಿ ಸಡಿಲ. ಮಳೆ ನಿಂತ ಬೆಳಿಗ್ಗೆ ಬೀಡಿಂಗನ್ನು ಒಣಬಟ್ಟೆಯಲ್ಲಿ ಒರೆಸಿ, ತಿಂಗಳಿಗೊಮ್ಮೆ ಸಿಲಿಕೋನ್ ಸ್ಪ್ರೇ ತಾಕಿಸುವುದು ಎರಡು ನಿಮಿಷದ ಕೆಲಸ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರು ಉಬ್ಬುತ್ತದೆ.

ಮಿಕ್ಕದ್ದು ಚುಟುಕಾಗಿ. ಟೈಮಿಂಗ್ ಬೆಲ್ಟಿನ ಇತಿಹಾಸ ಗೊತ್ತಿಲ್ಲದಿದ್ದರೆ ಬದಲಿಸಿ, ಅದೇ ಕೈಯಲ್ಲಿ ಟೆನ್ಷನರ್, ವಾಟರ್ ಪಂಪ್, ಆಯಿಲ್ ಸೀಲುಗಳನ್ನೂ. ಹಿಂದಿನ ಸಸ್ಪೆನ್ಷನ್ನಿನ ಬುಷ್ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಬಿಗಿಯಬೇಕು. ಜಾಕ್ ಮೇಲೆ ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಈಗ ಬಂಕಿನಲ್ಲಿ ಸಿಗುವ 20% ಎಥನಾಲಿನ ಪೆಟ್ರೋಲು ಈ ಗಾಡಿಯ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ಇಂಧನದ ಹೋಸುಗಳನ್ನೆಲ್ಲ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದವಕ್ಕೆ ಬದಲಿಸಿ, ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10. ಎಥನಾಲ್ ಟ್ಯಾಂಕಿನ ಹಳೇ ಕಸವನ್ನೂ ಸಡಿಲಿಸುವುದರಿಂದ ಫಿಲ್ಟರ್ ಬೇಗನೇ ಇನ್ನೊಮ್ಮೆ ಬದಲಿಸಬೇಕಾಗಬಹುದು.

ತಗಡಿನ ಕೆಲಸ ಸ್ವಂತ ಕೈಯಲ್ಲಿ ಮಾಡುವವರಿಗೆ, ಇನ್ನೊಂದು ಓಡುವ ಗಾಡಿ ಮನೆಯಲ್ಲಿರುವವರಿಗೆ ಈ ಕಾರು ಹೇಳಿಮಾಡಿಸಿದ್ದು. ಎಲ್ಲವನ್ನೂ ಗ್ಯಾರೇಜಿಗೆ ಕೊಡುವವರು ಕೂಲಿಗೇ ಗಾಡಿಯ ಬೆಲೆ ಮೀರಿಸುತ್ತಾರೆ. ಅಂಥವರು ಸೆಡಾನ್ ಬಲೆನೋ ಕೊಳ್ಳುವುದೇ ಲೇಸು. ಕಾಗದಪತ್ರದ ಖರ್ಚನ್ನೂ ಸೇರಿಸಿಕೊಳ್ಳಿ. 15 ವರ್ಷದ ನಂತರ ಐದೈದು ವರ್ಷಕ್ಕೆ ನೋಂದಣಿ ನವೀಕರಣ, ಹಸಿರು ತೆರಿಗೆ. ಕಾರಿಗೆ 5,000 ರೂಪಾಯಿ ಇದ್ದ ನವೀಕರಣ ಶುಲ್ಕ 2025ರ ಆಗಸ್ಟಿನಿಂದ 20 ವರ್ಷ ದಾಟಿದವಕ್ಕೆ 10,000 ಆಗಿದೆ, ಜಿಎಸ್‌ಟಿ ಬೇರೆ. ಬಣ್ಣ ಬದಲಿಸುವವರು ಅದನ್ನು ಆರ್‌ಸಿಯಲ್ಲೂ ಬರೆಸಬೇಕು. ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸಲು ಮಾತ್ರ ಅವಸರ ಬೇಡ, ಹಿಂಬದಿಯ ತಗಡು, ಬಣ್ಣ ಎರಡೂ ಮುಗಿದಿರಲಿ. ಅದರ ಲಾಕನ್ನು ಮುರಿಯದೆ ತೆಗೆಯಲಾಗದು, ಮುರಿದದ್ದನ್ನು ಮತ್ತೆ ಹಾಕಲಾಗದು.