ಮಾಜ್ದಾ ಎಂಎಕ್ಸ್-5: ಕಾರಿನ ಅಡಿಯಿಂದ ಒಂದು ವಿಮರ್ಶೆ

ಮೂರು ವರ್ಷಗಳಿಂದ ನಾನು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಪಾನಿನ ಮಾಜ್ದಾ ಕಂಪನಿಯ ಎರಡು ಸೀಟಿನ ತೆರೆದ ಕಾರು ಎಂಎಕ್ಸ್-5 ಅನ್ನು ಓಡಿಸುತ್ತಿದ್ದೇನೆ. ಎರಡು ಲೀಟರ್ ಎಂಜಿನ್, ಆರು ಗೇರು, ಬಟ್ಟೆಯ ಮೇಲ್ಛಾವಣಿ ಇರುವ 2019ರ ಗಾಡಿಯಿದು. ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಈ ಕಾರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಛಾವಣಿ ಮಡಚಿ, ಮೈಗೆ ಬೀಸುವ ಗಾಳಿಯಿಂದ ಮಾತು ಆರಂಭಿಸುತ್ತಾರೆ. ವೃತ್ತಿಯಿಂದ ಮೆಕ್ಯಾನಿಕಲ್ ಎಂಜಿನಿಯರ್ ಆದ ನನಗಾದರೋ ಈ ಕಾರು ನಿಜವಾಗಿ ಅರ್ಥವಾದದ್ದು ಸರ್ವಿಸ್‌ಗೆ ಬಿಟ್ಟ ಒಂದು ಬೆಳಗ್ಗೆ, ಗ್ಯಾರೇಜಿನವರು ಅದನ್ನು ಲಿಫ್ಟ್ ಮೇಲೆ ಎತ್ತಿ, ಕೆಳಗೆ ನಿಂತು ನೋಡಲು ಅರ್ಧ ಗಂಟೆ ಅವಕಾಶ ಕೊಟ್ಟಾಗ. ಆದ್ದರಿಂದ ಈ ವಿಮರ್ಶೆಯನ್ನು ಅಡಿಯಿಂದಲೇ ಆರಂಭಿಸುತ್ತೇನೆ.

ಕೆಳಗೆ ನಿಂತು ತಲೆಯೆತ್ತಿದಾಗ ಮೊದಲು ಕಣ್ಣಿಗೆ ಬೀಳುವುದು ಕಾರಿನ ನಡುಮಧ್ಯದಲ್ಲಿ, ಗೇರ್‌ಬಾಕ್ಸಿನ ಹಿಂತುದಿಯಿಂದ, ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ವರೆಗೆ ಹಾಯ್ದುಹೋಗುವ ಅಲ್ಯೂಮಿನಿಯಂ ತೊಲೆ. ತೂಕ ಇಳಿಸಲು ಅದರ ಮೈಯಲ್ಲಿ ಅಲ್ಲಲ್ಲಿ ತೂತುಗಳನ್ನು ಕೊರೆದಿದ್ದಾರೆ. ಗೇರ್‌ಬಾಕ್ಸಿನ ತಿರುಗುಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದರ ಪಕ್ಕದಲ್ಲೇ ಸಾಗುತ್ತದೆ. ಇದಕ್ಕೆ ಕಂಪನಿ ಇಟ್ಟಿರುವ ಹೆಸರು ಪವರ್ ಪ್ಲಾಂಟ್ ಫ್ರೇಮ್. 1989ರ ಮೊದಲ ಪೀಳಿಗೆಯಿಂದ ಇಂದಿನ ನಾಲ್ಕನೇ ಪೀಳಿಗೆಯವರೆಗೂ ಇದನ್ನು ಕೈಬಿಟ್ಟಿಲ್ಲ. ಎತ್ತಿನ ಗಾಡಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ: ನೊಗವನ್ನೂ ಗಾಡಿಯನ್ನೂ ಒಂದಾಗಿಸುವ ಮೂಕಿಮರ ಸಡಿಲವಾಗಿದ್ದರೆ ಎತ್ತು ಮುಂದಡಿ ಇಟ್ಟರೂ ಗಾಡಿ ತಡವಾಗಿ ಜಗ್ಗುತ್ತದೆ; ಈ ತೊಲೆ ಬಿಗಿಯಾಗಿ ಕಟ್ಟಿದ ಮೂಕಿಮರದಂತೆ.

ಹಿಂದಿನ ಚಕ್ರಗಳಿಂದ ಚಲಿಸುವ ಸಾಮಾನ್ಯ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದು ಕಡೆ, ಡಿಫರೆನ್ಷಿಯಲ್ ಇನ್ನೊಂದು ಕಡೆ, ಬೇರೆ ಬೇರೆ ರಬ್ಬರ್ ಆಧಾರಗಳ ಮೇಲೆ ಕುಳಿತಿರುತ್ತವೆ. ಆಕ್ಸಿಲರೇಟರ್ ತುಳಿದಾಗ ಡಿಫರೆನ್ಷಿಯಲ್ ಒಳಗಿನ ಸಣ್ಣ ಪಿನಿಯನ್ ಗೇರು ದೊಡ್ಡ ಹಲ್ಲುಗಾಲಿಯಾದ ಕ್ರೌನ್ ವೀಲನ್ನು ಹತ್ತಿಹೋಗಲು ನೋಡುವುದರಿಂದ ಡಿಫರೆನ್ಷಿಯಲ್ಲಿನ ಮೂತಿ ಮೇಲೇಳುತ್ತದೆ. ರಬ್ಬರ್ ಅದುಮಿಕೊಂಡು ಬಿಗಿಯಾಗುವವರೆಗೆ ಚಕ್ರಕ್ಕೆ ಪೂರ್ಣ ಬಲ ಮುಟ್ಟುವುದಿಲ್ಲ. ಈ ವಿಳಂಬ ಕ್ಷಣದ ಒಂದು ಸಣ್ಣ ಭಾಗವಷ್ಟೇ ಆದರೂ ಕಾಲಿಗೆ ಅದು ಗೊತ್ತಾಗುತ್ತದೆ. ಎಂಎಕ್ಸ್-5ರಲ್ಲಿ ಈ ತೊಲೆಯಿಂದಾಗಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಸೇರಿ ಒಂದೇ ಉದ್ದನೆಯ ಬಿಗಿಯಾದ ಘಟಕವಾಗುತ್ತವೆ. ಅದರ ಆಧಾರಗಳು ಎರಡು ದೂರದ ತುದಿಗಳಲ್ಲಿರುವುದರಿಂದ ಮೂತಿಯನ್ನು ಎತ್ತುವ ಬಲಕ್ಕೆ ರಬ್ಬರನ್ನು ಅಷ್ಟಾಗಿ ಅದುಮಲು ಆಗುವುದಿಲ್ಲ. ತಿರುವಿನ ಮಧ್ಯದಲ್ಲಿ ಕಾಲನ್ನು ಕೂದಲೆಳೆಯಷ್ಟು ಒತ್ತಿದರೂ ಸೀಟಿನ ಕೆಳಗೆ ಅದರ ಉತ್ತರ ಆಗಲೇ ಸಿಕ್ಕಿರುತ್ತದೆ. ಈ ಕಾರಿನ ಸುಖದ ಅರ್ಧ ಪಾಲು ಈ ಒಂದು ಬಿಡಿಭಾಗಕ್ಕೆ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಬೆಲೆ ತೆರುವವನು ಮೆಕ್ಯಾನಿಕ್: ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾದರೆ ಮೊದಲು ಈ ತೊಲೆಯನ್ನು ಬಿಚ್ಚಬೇಕು, ಮತ್ತೆ ಕೂರಿಸುವಾಗ ಅದರ ಮಟ್ಟವನ್ನು ಅಳೆದು ಸರಿಹೊಂದಿಸಬೇಕು.

ಮೇಲ್ಛಾವಣಿ ಇಲ್ಲದ ಕಾರಿನ ದೊಡ್ಡ ತೊಡಕು ತಿರುಚು. ಬೆಂಕಿಪೊಟ್ಟಣದ ಹೊರಕವಚವನ್ನು ತೆಗೆದು ಒಳಗಿನ ತಟ್ಟೆಯನ್ನು ಮಾತ್ರ ಕೈಯಲ್ಲಿ ಹಿಡಿದು ತಿರುಚಿ ನೋಡಿದರೆ ಇದು ತಿಳಿಯುತ್ತದೆ. ಮುಚ್ಚಿದ ಕಾರನ್ನು ಕೊಯ್ದು ತೆರೆದ ಕಾರು ಮಾಡಿದಾಗ ಹೋದ ಗಟ್ಟಿತನವನ್ನು ಮರಳಿ ಪಡೆಯಲು ಉಕ್ಕಿನ ಪಟ್ಟಿಗಳನ್ನು ಸೇರಿಸುತ್ತಾ ಹೋಗಬೇಕಾಗುತ್ತದೆ, ತೂಕವೂ ಏರುತ್ತಾ ಹೋಗುತ್ತದೆ. ಎಂಎಕ್ಸ್-5 ಮೊದಲಿನಿಂದಲೂ ತೆರೆದ ಕಾರಾಗಿಯೇ ರೂಪುಗೊಂಡದ್ದು. ಬಾಗಿಲಿನ ಕೆಳಗಿನ ಅಂಚುಗಳೂ ಸೀಟುಗಳ ನಡುವೆ ಹಾಯುವ ಎತ್ತರದ ಸುರಂಗವೂ ಸೇರಿ ಛಾವಣಿ ಮಾಡಬೇಕಾದ ಕೆಲಸವನ್ನು ಹೊತ್ತುಕೊಂಡಿವೆ. ಬಾನೆಟ್, ಮುಂದಿನ ಫೆಂಡರುಗಳು, ಡಿಕ್ಕಿಯ ಮುಚ್ಚಳ, ಬಂಪರಿನ ಒಳತೊಲೆಗಳು ಅಲ್ಯೂಮಿನಿಯಂನವು. ಚಕ್ರಗಳನ್ನು ಹಿಡಿದಿರುವ ಬೋಲ್ಟುಗಳನ್ನೂ ಹಿಂದಿನ ಪೀಳಿಗೆಯ ಐದರಿಂದ ನಾಲ್ಕಕ್ಕೆ ಇಳಿಸಿದ್ದಾರೆ. ಇಷ್ಟೆಲ್ಲ ಲೆಕ್ಕಾಚಾರದ ಫಲವಾಗಿ ಗಾಡಿಯ ತೂಕ ಒಂದು ಟನ್ನಿನ ಆಸುಪಾಸಿನಲ್ಲಿ ನಿಂತಿದೆ. ಇಂದಿನ ದಿನಗಳಲ್ಲಿ ಇದು ಅಪರೂಪದ ಸಂಯಮ.

ಎಂಜಿನ್ ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದೆ ಸರಿದು ಕುಳಿತಿದೆ. 2018ರ ಪರಿಷ್ಕರಣೆಗೆ ಮುಂಚೆ ಅದರ ಶಕ್ತಿ 160 ಅಶ್ವಶಕ್ತಿ, ಆನಂತರ 184. ಇದು ಟರ್ಬೊ ಅಂಟಿಸಿ ಗಳಿಸಿದ ಹೆಚ್ಚಳವಲ್ಲ. ಪ್ರತಿ ಪಿಸ್ಟನ್ನಿನಲ್ಲಿ 27 ಗ್ರಾಂ, ಪಿಸ್ಟನ್ನಿಗೆ ಜೋಡಿಸಿದ ಪ್ರತಿ ಕನೆಕ್ಟಿಂಗ್ ರಾಡಿನಲ್ಲಿ 41 ಗ್ರಾಂ ಇಳಿಸಿ, ಗಾಳಿ ಒಳಬರುವ ದಾರಿಯನ್ನು ಅಗಲಿಸಿ, ಎಂಜಿನ್ ತಿರುಗಬಲ್ಲ ಮಿತಿಯನ್ನು ನಿಮಿಷಕ್ಕೆ 6,800 ಸುತ್ತುಗಳಿಂದ 7,500ಕ್ಕೆ ಏರಿಸಿದರು. ಮೇಲೆ ಕೆಳಗೆ ಚಲಿಸುವ ಭಾಗಗಳ ಮೇಲಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಷ್ಟು ವೇಗದಲ್ಲಿ ಕೆಲವು ಗ್ರಾಂಗಳೂ ದೊಡ್ಡ ಮಾತೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ಲೀಟರಿನದನ್ನೇ ಹುಡುಕುತ್ತಿದ್ದರೆ ಈ ಪರಿಷ್ಕರಣೆಯ ನಂತರದ್ದನ್ನೇ ಆರಿಸಿಕೊಳ್ಳಬೇಕು. ಹಣದ ವ್ಯತ್ಯಾಸಕ್ಕೆ ತಕ್ಕ ಬೆಲೆ ಅದರಲ್ಲಿದೆ.

ಗೇರ್‌ಬಾಕ್ಸಿನ ವಿನ್ಯಾಸವೂ ಗಮನಿಸತಕ್ಕದ್ದು. ಆರನೇ ಗೇರಿನಲ್ಲಿ ಒಳಬರುವ ಶಾಫ್ಟೂ ಹೊರಹೋಗುವ ಶಾಫ್ಟೂ ನೇರವಾಗಿ ಒಂದಕ್ಕೊಂದು ಬೆಸೆದು, ಒಂದಕ್ಕೆ ಒಂದರ ಅನುಪಾತದಲ್ಲಿ ತಿರುಗುತ್ತವೆ; ಪಕ್ಕದ ಗೇರುಗಳ ಮೂಲಕ ಬಲ ಹಾಯ್ದು ಘರ್ಷಣೆಯಲ್ಲಿ ಕರಗುವುದು ತಪ್ಪುತ್ತದೆ. ಹೀಗೆ ಮಾಡಲು ಡಿಫರೆನ್ಷಿಯಲ್ಲಿನ ಅನುಪಾತವನ್ನು 2.866ಕ್ಕೆ ಇಳಿಸಿದ್ದಾರೆ. ಗೇರ್ ಲಿವರ್ ಗೇರ್‌ಬಾಕ್ಸಿನ ಮೇಲೆಯೇ ನಿಂತಿರುವುದರಿಂದ ನಡುವೆ ಕೇಬಲ್ಲುಗಳಿಲ್ಲ. ಮಣಿಕಟ್ಟನ್ನು ಸ್ವಲ್ಪ ಹೊರಳಿಸಿದರೆ ಸಾಕು, ಲೋಹ ಲೋಹದೊಳಗೆ ಕೂಡುವುದು ಅಂಗೈಗೆ ಮುಟ್ಟುತ್ತದೆ.

ಸಸ್ಪೆನ್ಷನ್ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿದ ಎರಡು ಕವಲುಗೈಗಳು; ಹಿಂದೆ ಮಲ್ಟಿಲಿಂಕ್, ಅಂದರೆ ಹಲವು ಬಿಡಿ ಕೈಗಳು. ಕಾರು ತಿರುವಿನಲ್ಲಿ ವಾಲಿದಾಗಲೂ ಟೈರಿನ ಅಗಲವೆಲ್ಲ ರಸ್ತೆಗೆ ಒತ್ತಿಕೊಂಡಿರುವಂತೆ ಈ ಕೈಗಳ ಉದ್ದವನ್ನೂ ಕೋನವನ್ನೂ ಲೆಕ್ಕ ಹಾಕಿದ್ದಾರೆ. ಸ್ಪ್ರಿಂಗುಗಳು ಮೃದು, ಕಾರು ಎದ್ದು ಕಾಣುವಂತೆ ವಾಲುತ್ತದೆ. ಅದು ಉದ್ದೇಶಪೂರ್ವಕ, ಏಕೆಂದರೆ ಹಿಡಿತ ಎಷ್ಟು ಉಳಿದಿದೆ ಎಂಬುದನ್ನು ಆ ವಾಲಿಕೆಯೇ ಚಾಲಕನಿಗೆ ತಿಳಿಸುತ್ತದೆ. ಆದರೂ ವೇಗದ ತಿರುವುಗಳಲ್ಲಿ ವಾಲಿಕೆ ಇನ್ನೊಂದಿಷ್ಟು ಕಡಿಮೆ ಇರಬೇಕಿತ್ತೆಂದು ನನಗೆ ಅನ್ನಿಸಿದೆ. 2022ರ ಮಾದರಿಗಳಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾಯಿತು: ತಿರುವಿನಲ್ಲಿ ಒಳಬದಿಯ ಹಿಂಚಕ್ರಕ್ಕೆ ಅತಿ ಸಣ್ಣ ಪ್ರಮಾಣದ ಬ್ರೇಕ್ ಹಾಕಿದರೆ, ಹಿಂದಿನ ಸಸ್ಪೆನ್ಷನ್ನಿನ ಜೋಡಣೆಯ ಗುಣದಿಂದಲೇ ಆ ಬದಿಯ ಮೈ ಕೆಳಕ್ಕೆ ಎಳೆಯಲ್ಪಡುತ್ತದೆ. ಸೇರಿಸಿದ ತೂಕ ಸೊನ್ನೆ.

ದೂರ ಪ್ರಯಾಣಕ್ಕೆ ಇದು ಹೇಳಿದ ಗಾಡಿಯಲ್ಲ. ಹೆದ್ದಾರಿಯಲ್ಲಿ ಬಟ್ಟೆಯ ಛಾವಣಿ ಟೈರಿನ ಸದ್ದನ್ನು ತಡೆಯುವುದಿಲ್ಲ, ಡಿಕ್ಕಿಯಲ್ಲಿ ಎರಡು ಸಣ್ಣ ಚೀಲಗಳಾಚೆಗೆ ಏನೂ ಹಿಡಿಸುವುದಿಲ್ಲ. ಭಾರತದಲ್ಲಿ ಈ ಕಂಪನಿ ಕಾರುಗಳನ್ನು ಮಾರುವುದಿಲ್ಲ. ಮಾರಿದ್ದರೂ, ನೆಲಕ್ಕೂ ತಳಕ್ಕೂ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರವಿರುವ ಈ ಕಾರನ್ನು ಬೆಂಗಳೂರಿನ ಹಂಪುಗಳ ಮೇಲೆ ಓಡಿಸಿ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಇದನ್ನು ಕೊಳ್ಳಲು ಹೊರಟರೆ ಬಣ್ಣ, ಸೀಟು, ಮೈಲಿಗಳ ಲೆಕ್ಕವನ್ನು ಆಮೇಲೆ ನೋಡಲಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳದ ಉಕ್ಕನ್ನು ತಿನ್ನುತ್ತದೆ. ಛಾವಣಿಯ ಮೇಲೆ ಬಿದ್ದ ಮಳೆನೀರನ್ನು ಸೀಟುಗಳ ಹಿಂದಿನಿಂದ ಕೆಳಕ್ಕೆ ಹರಿಸುವ ಕೊಳವೆಗಳಲ್ಲಿ ತರಗೆಲೆ ಸಿಕ್ಕಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಆದ್ದರಿಂದ ಒಂದು ಟಾರ್ಚ್ ಜೊತೆಗಿರಲಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟಾದ ಸಬ್‌ಫ್ರೇಮಿನ ಬೆಸುಗೆಗಳನ್ನೂ ಸಸ್ಪೆನ್ಷನ್ ಬೋಲ್ಟುಗಳನ್ನೂ ಹತ್ತಿರದಿಂದ ನೋಡಿ. ಕೆಳಗಿಳಿಸಿದ ಮೇಲೆ ಛಾವಣಿಯ ಹಿಂದಿನ ಮೂಲೆಗೆ ಒಂದು ಲೋಟ ನೀರು ಸುರಿದು, ಅದು ಕಾರಿನ ಅಡಿಯಿಂದ ನೆಲಕ್ಕೆ ತೊಟ್ಟಿಕ್ಕುವುದನ್ನು ಕಣ್ಣಾರೆ ಕಂಡ ನಂತರವೇ ಹಣದ ಮಾತು ಎತ್ತಿ.