ಬಚ್ಚಲುಮನೆಯ ಸ್ಟೀಲ್ ಹಿಡಿಕೆ: ಎರಡು ವರ್ಷ ಬಳಸಿದ ಮೇಲೆ

ಆಸ್ಪತ್ರೆಯಿಂದ ಹಿರಿಯರನ್ನು ಮನೆಗೆ ಕರೆತರುವವರು ಮೊದಲು ಕೊಳ್ಳಬೇಕಾದದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಬಚ್ಚಲುಮನೆಯ ಗೋಡೆಗೆ ಕೂರಿಸುವ ಸ್ಟೇನ್‌ಲೆಸ್ ಸ್ಟೀಲಿನ ಹಿಡಿಕೆ. ತೊಡೆಮೂಳೆಯ ಶಸ್ತ್ರಚಿಕಿತ್ಸೆಯಾಗಿ ಅಮ್ಮ ಮನೆಗೆ ಬಂದ ದಿನವೇ ಎರಡನ್ನು ಹಾಕಿಸಿದೆವು. ಒಂದು ಕಮೋಡಿನ ಪಕ್ಕದಲ್ಲಿ, ಇನ್ನೊಂದು ಸ್ನಾನದ ಜಾಗದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅವರು ಬಚ್ಚಲಿನಲ್ಲಿ ಒಮ್ಮೆಯೂ ಬಿದ್ದಿಲ್ಲ.

ಮನೆಗೆ ಬಂದ ಮೊದಲ ವಾರಗಳು ಬಹಳ ನಾಜೂಕಿನವು. ಹತ್ತು ದಿನ ಹಾಸಿಗೆ ಹಿಡಿದರೆ ಆರೋಗ್ಯವಾಗಿದ್ದ ಹಿರಿಯರ ಕಾಲುಗಳಲ್ಲೂ ಸುಮಾರು 1 ಕಿಲೋದಷ್ಟು ಸ್ನಾಯು ಕರಗಬಹುದು. ಅದರ ಮೇಲೆ ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಕ ಇಳಿಯಿತೆಂದರೆ ವೈದ್ಯರಿಗೆ ತಿಳಿಸಲೇಬೇಕು. ಅಮ್ಮನಿಗೆ ಕಣ್ಣು ಕತ್ತಲಿಡುತ್ತಿದ್ದದ್ದು ಕಮೋಡಿನಿಂದ ಏಳುವಾಗಲೇ. ಆ ಗಳಿಗೆಯಲ್ಲಿ ಕೈಗೆ ಸಿಗುವುದು ಟವೆಲ್ ಕಂಬಿಯಾಗಿದ್ದರೆ ಅದು ಗೋಡೆಯಿಂದ ಕಿತ್ತು ಬರುತ್ತದೆ. ಅದನ್ನು ಮಾಡಿರುವುದು ಮನುಷ್ಯರ ಭಾರ ಹೊರಲಿಕ್ಕಲ್ಲ.

ಎತ್ತರದ ವಿಷಯದಲ್ಲಿ ಪೆಟ್ಟಿಗೆಯೊಳಗಿನ ಚೀಟಿಯನ್ನು ನಂಬಬೇಡಿ. ಅಮ್ಮ ಕುಳ್ಳಗಿದ್ದಾರೆ, ಚೀಟಿಯಲ್ಲಿದ್ದ ಅಳತೆಗೆ ಹಾಕಿದ್ದರೆ ಅವರ ಭುಜ ಮೇಲೇಳುತ್ತಿತ್ತು. ಅವರನ್ನೇ ಕೂರಿಸಿ, ಕೈ ತಾನಾಗಿ ಹೋಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆವು. ಫಿಸಿಯೋಥೆರಪಿಸ್ಟ್ ಕಲಿಸಿದ ಕ್ರಮವೂ ಅಷ್ಟೇ ಮುಖ್ಯ: ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗುವುದು, ಆಮೇಲೆ ಏಳುವುದು. ಹಿಡಿಕೆ ಆಸರೆಗೆ ಮಾತ್ರ, ಜಗ್ಗಿಕೊಂಡು ಏಳಲಿಕ್ಕಲ್ಲ.

ಗಾರೆ ಕೆಲಸದವರು ಡ್ರಿಲ್ ಹಿಡಿಯುವ ಮೊದಲು ಟೈಲ್ಸನ್ನು ಬೆರಳಗಂಟಿನಿಂದ ತಟ್ಟಿ ನೋಡಿದರು. ಒಂದು ಕಡೆ ಟೊಳ್ಳು ಸದ್ದು ಬಂತು, ಜಾಗ ಸ್ವಲ್ಪ ಬದಲಿಸಿದರು. ಒಳ್ಳೆಯ ಹಿಡಿಕೆ 100 ಕಿಲೋ ಮೀರಿದ ಭಾರ ತಡೆಯುತ್ತದೆ, ಆದರೆ ಗೋಡೆಯೂ ತಡೆಯಬೇಕಲ್ಲ! ಗೋಡೆ ಕೊರೆಯದೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ಬಗೆಯೂ ಸಿಗುತ್ತದೆ. ದಯವಿಟ್ಟು ಅದನ್ನು ಹಿರಿಯರ ಕೈಗೆ ಕೊಡಬೇಡಿ. ಗಾಳಿ ಸೇರಿದರೆ ಮುನ್ಸೂಚನೆಯಿಲ್ಲದೆ ಕಳಚಿಕೊಳ್ಳುತ್ತದೆ.

ನಮ್ಮದು 32 ಮಿಲಿಮೀಟರ್ ದಪ್ಪದ್ದು, ಅಮ್ಮನ ಬೆರಳುಗಳು ಸುತ್ತಲೂ ಸರಿಯಾಗಿ ಕೂರುತ್ತವೆ. ಕಮೋಡಿನ ಪಕ್ಕದ್ದು ನುಣುಪು, ಸ್ನಾನದ ಜಾಗದ್ದು ತರಿತರಿ. ಸೋಪಿನ ಕೈಗೆ ತರಿಯಿರುವುದೇ ಬೇಕು.

ಕೊರತೆ ಇಲ್ಲವೆಂದಲ್ಲ. ಕಂಬಿ ಸ್ಟೇನ್‌ಲೆಸ್ ಆದರೂ ಜೊತೆಗೆ ಕೊಟ್ಟ ಸ್ಕ್ರೂಗಳು ಸಾಧಾರಣ ಕಬ್ಬಿಣದವು. ವರ್ಷ ತುಂಬುವ ಮೊದಲೇ ಮುಚ್ಚಳದ ಸುತ್ತ ತುಕ್ಕಿನ ನೀರು ಇಳಿಯತೊಡಗಿತು. ತಯಾರಕರಿಗೆ ಬರೆದೆ, ಉತ್ತರ ಬರಲಿಲ್ಲ. ಹಿರಿಯರ ಜೀವ ನೆಚ್ಚಿಕೊಂಡಿರುವ ವಸ್ತುವಿನಲ್ಲಿ ಇಂಥ ಜಿಪುಣತನ ಸಲ್ಲದು. ಸ್ಟೇನ್‌ಲೆಸ್ ಸ್ಕ್ರೂ ತಂದು ನಾವೇ ಬದಲಿಸಿದೆವು. ಈಗ ತಿಂಗಳಿಗೊಮ್ಮೆ ಮುಚ್ಚಳ ಸರಿಸಿ ನೋಡಿ, ಮೈಭಾರ ಬಿಟ್ಟು ಜಗ್ಗುತ್ತೇನೆ.

ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಗೆ ಹಿಡಿಕೆಯಿಂದ ಉಪಯೋಗವಿಲ್ಲ. ಅಲ್ಲಿ ರಾತ್ರಿ ದೀಪ, ಒಣಗಿದ ನೆಲ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು; ಜಾರುವ ಕಾಲೊರಸು ಇರಬಾರದು. ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ಇನ್ನೊಮ್ಮೆ ತೋರಿಸುವುದೂ ಒಳ್ಳೆಯದು.

‘ಮನೆಯನ್ನೇ ಆಸ್ಪತ್ರೆ ಮಾಡಿಬಿಟ್ಟಿರಲ್ಲ’ ಎಂದು ಅಮ್ಮ ಮೊದಲು ಬೇಸರಪಟ್ಟುಕೊಂಡಿದ್ದರು. ಬಾಗಿಲು ಹಾಕಿಕೊಂಡು ಒಬ್ಬರೇ ಸ್ನಾನ ಮಾಡಲು ಸಾಧ್ಯವಾದ ಮೇಲೆ ಆ ಮಾತು ನಿಂತಿತು. ಮಗಳ ಎದುರಿಗೂ ಸಂಕೋಚವಿರುತ್ತದೆ. ಅದನ್ನು ಉಳಿಸಿಕೊಟ್ಟಿದ್ದಕ್ಕೇ ನಾನು ಈ ಹಿಡಿಕೆಗೆ ಋಣಿ.

ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಸ್ಕ್ರೂಗಳಿಗೆ. ಹೊಸ್ತಿಲ ಬಳಿ ಲಂಬವಾಗಿ ಕೂರಿಸಲು ಮೂರನೆಯದನ್ನೂ ತರಿಸಿದ್ದೇವೆ, ಈ ಸಲ ಸ್ಕ್ರೂ ಬೇರೆಯಾಗಿ ಕೊಂಡಿದ್ದೇವೆ.