ಬೆನ್ನು ನೋವು, ಕಾಲು ಸೋಲು: ಎಕ್ಸ್‌ರೇನಾ, ಎಂಆರ್‌ಐನಾ, ನರದ ಪರೀಕ್ಷೆನಾ?

ಎಕ್ಸ್‌ರೇ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ಕಾಲಿನ ಶಕ್ತಿ ಕುಗ್ಗುತ್ತಿದ್ದರೆ ಎಂಆರ್‌ಐ ವಾಸಿ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿ ನರ ಒತ್ತುತ್ತಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಅರ್ಧ ಗಂಟೆ ಅಲುಗಾಡದೆ ಮಲಗಬೇಕು, ಡಬಡಬ ಸದ್ದು ಬೇರೆ. ನೋವೇ ಇಲ್ಲದ ಎಷ್ಟೋ ಜನರಿಗೂ ಡಿಸ್ಕ್ ಉಬ್ಬಿರುತ್ತದೆ, ಹಾಗಾಗಿ ರಿಪೋರ್ಟ್ ಓದಿ ಸುಮ್ನೆ ಹೆದರಬೇಡಿ.

ತೊಂದರೆ ಬೆನ್ನಿನದೋ, ಸಕ್ಕರೆ ಕಾಯಿಲೆಯಿಂದ ಸೊರಗಿದ ನರದ್ದೋ ಎಂಬ ಅನುಮಾನವಿದ್ದರೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವುದು), ನರ್ವ್ ಕಂಡಕ್ಷನ್ (ನರದಲ್ಲಿ ಸಂಕೇತ ಎಷ್ಟು ಚೆನ್ನಾಗಿ ಹರಿಯುತ್ತದೆಂದು ನೋಡುವುದು) ಎಂಬ ನರದ ಪರೀಕ್ಷೆಗಳು. ಸಣ್ಣ ಶಾಕ್, ಸೂಜಿ ಎರಡೂ ಇವೆ.

ನನ್ನ ಕೇಳಿದರೆ, ಮೊದಲು ಹಿಮ್ಮಡಿ ಮೇಲೆ ನಡೆಸಿ, ಹೆಬ್ಬೆರಳು ಎತ್ತಿಸಿ ನೋಡುವ ಡಾಕ್ಟರ್ ಬೇಕು. ಎತ್ತಲಾಗದಿದ್ದರೆ ಎಲ್5 ನರದ (ಸೊಂಟದಿಂದ ಕಾಲಿಗಿಳಿಯುವ ನರಗಳಲ್ಲೊಂದು) ಮೇಲೆ ಅನುಮಾನ. ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ ಈ ಲೆಕ್ಕಾಚಾರ ಬಿಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ.